ತಗಡಿನಂಚಿನ ಮಳೆ

ಮಳೆ ಬಂದರೆ ಜನಕ್ಕೆ ಬಿಸಿ ಬೋಂಡಾ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಈ ಬೆಳಗಿನ ಜಾವವೂ ಬಂತು. ಕೊಟ್ಟಿಗೆಯ ತಗಡಿನ ಮೇಲೆ ದಡಬಡ ಅಂತ ಹುಯ್ದು, ಅಂಚಿನಿಂದ ಕೆಳಗಿಳಿದು, ಯಾರೋ ಮರೆತಿಟ್ಟ ಬಕೆಟ್ಟಿಗೆ ಟಪ್ ಟಪ್ ಅಂತ ಬೀಳುತ್ತಿತ್ತು. ಎದ್ದು ಹೋಗಿ ಬಕೆಟ್ಟನ್ನು ಕಾಲಿನಿಂದ ಒದ್ದು ಬಂದೆ. ನನ್ನ ಹೆಂಡತಿ ಮಗ್ಗುಲು ಬದಲಿಸುತ್ತಾ, "ಬಕೆಟ್ ಏನ್ ಮಾಡ್ತು ನಿಂಗೆ?" ಅಂದಳು. ಬಕೆಟ್ ಏನೂ ಮಾಡಿರಲಿಲ್ಲ. ಮಾಡಿದವನು ನಾನು. ಆದರೆ ನನ್ನನ್ನು ನಾನೇ ಒದ್ದುಕೊಳ್ಳಲು ಆಗುವುದಿಲ್ಲವಲ್ಲ.

ಕೂತುಕೊಳ್ಳಿ, ಹೇಳುತ್ತೇನೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಆಮೇಲೆ ಹಾಲು ಕರೆಯುವವನು. ಮಾತು ಅಲ್ಲಿ ಇಲ್ಲಿ ಹೋದರೆ ನೀವೇ ಹಿಡಿದು ತನ್ನಿ.

ನಮ್ಮೂರು ಬಂಗಾರಪೇಟೆಗೂ ಬೇತಮಂಗಲಕ್ಕೂ ನಡುವೆ. ನಮ್ಮ ಮಳೆಯ ಬುದ್ಧಿ ನಿಮಗೆ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಹೇಳಬೇಕು. ಮುಂಗಾರು ನಮ್ಮ ಕಡೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮೋಡ ತಲೆಯ ಮೇಲೆ ಓಡುತ್ತದೆ, ಗಾಳಿ ಬೀಸುತ್ತದೆ, ಕೋಲಾರ ಚಿನ್ನದ ಗಣಿಯವರು ಅದಿರು ಅರೆದು ಸುರಿದ ಸೈನೈಡ್ ಗುಡ್ಡಗಳಿಂದ ಬಿಳಿ ಧೂಳು ಎದ್ದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ನಮಗೆ ನಿಜವಾದ ಮಳೆ ಅಂದರೆ ಉತ್ತರೆ, ಹಸ್ತ, ಚಿತ್ತೆ. ಇಲ್ಲವೇ ಮದ್ರಾಸಿನ ಸಮುದ್ರದಲ್ಲಿ ಸೈಕ್ಲೋನ್ ಎದ್ದಾಗ ಬರುವ ಜಡಿ. ಅದೂ ಒಂದೇ ಸಮ ಬರುವುದಿಲ್ಲ. ರಸ್ತೆಯ ಆ ಕಡೆಯ ರಾಗಿ ತೊಯ್ದು ತೊಪ್ಪೆಯಾಗಿರುತ್ತದೆ, ಈ ಕಡೆ ನಾಯಿ ಧೂಳಿನಲ್ಲಿ ಹೊರಳಾಡುತ್ತಿರುತ್ತದೆ. ಹೀಗೆ ಬಿದ್ದದ್ದೆಲ್ಲ ಕೆರೆಯಿಂದ ಕೆರೆಗೆ ಹರಿದು ಪಾಲಾರನ್ನು ಸೇರಬೇಕು. ನಂದಿಯ ಕಡೆ ಹುಟ್ಟಿ, ಬೇತಮಂಗಲದ ಕೆರೆಯನ್ನು ತುಂಬಿ, ಆಂಧ್ರ ದಾಟಿ ತಮಿಳುನಾಡಿಗೆ ಹೋಗುವ ನದಿ ಅದು. ನದಿ ಅನ್ನುವುದು ನಮ್ಮ ಹೆಮ್ಮೆಗೆ. ಬಹುಪಾಲು ವರ್ಷ ಮರಳು.

ಈ ನದಿಯ ಉದ್ದಕ್ಕೂ ಎಲ್ಲೆಲ್ಲಿ ಎಷ್ಟು ಮಳೆ, ಎಷ್ಟು ಬಿಸಿಲು ಅಂತ ತಿಳಿಯಲು ಮಳೆ ಅಳೆಯುವ ಆಫೀಸಿನವರು ಊರೂರಲ್ಲಿ ಡಬ್ಬಿ ಇಟ್ಟಿದ್ದ ಕಾಲದಲ್ಲಿ, ನಮ್ಮ ಮನೆಯ ಅಂಗಳಕ್ಕೂ ಒಂದು ಬಂತು. ನಮ್ಮಪ್ಪ ಜಾಗ ಕೊಟ್ಟ. ಅಪ್ಪ ಉರಿಗಾಂನಲ್ಲಿ ಗಣಿಯೊಳಗೆ ಇಳಿಯುವ ಕೆಲಸದವನು. ಅಂಗಳದ ನಟ್ಟನಡುವೆ ಸಿಮೆಂಟಿನ ಕಟ್ಟೆ ಹಾಕಿ, ಬೋಲ್ಟು ಬಿಗಿದು, ಮೇಲೆ ಬಾಯಿ ಅಗಲವಾದ ಮಳೆ ಡಬ್ಬಿ ಕೂರಿಸಿದರು. ಪಕ್ಕದಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ. ಅದರ ಸುತ್ತ ಓರೆ ಹಲಗೆಗಳು, ಗಾಳಿ ಆಡಬೇಕು, ಬಿಸಿಲು ಹೋಗಬಾರದು. ಒಳಗೆ ಗಾಜಿನ ಕಡ್ಡಿಗಳು. ಒಂದು ಹಗಲಿನ ಬಿಸಿಯನ್ನು ಹಿಡಿದಿಡುತ್ತಿತ್ತು, ಇನ್ನೊಂದು ರಾತ್ರಿಯ ಚಳಿಯನ್ನು. ಊರಿನವರು ಅದನ್ನು ಪಾರಿವಾಳದ ಗೂಡು ಅಂದುಕೊಂಡರು. ಅಪ್ಪ ಮಾತ್ರ ಷಿಫ್ಟ್ ಮುಗಿಸಿ ಬಂದು, ಅಂಗಿ ಬಿಚ್ಚುವ ಮೊದಲು ಪೆಟ್ಟಿಗೆಯ ಬಾಗಿಲು ತೆಗೆದು ಇಣುಕುತ್ತಿದ್ದ. "ಇಷ್ಟೇನಾ? ಇದುನ್ನ ಸೆಕೆ ಅಂತಾರಾ ಇವ್ರು?" ಅಂತ ನಗುತ್ತಿದ್ದ. ನೆಲದ ಒಳಗೆ ಬೆಂದು ಬಂದವನಿಗೆ ನಮ್ಮ ಏಪ್ರಿಲ್ ತಿಂಗಳು ತಂಪು.

ಅಪ್ಪನ ನಂತರ ಲೆಕ್ಕ ಅಕ್ಕನ ಕೈಗೆ ಬಂತು. ಅಕ್ಕ ಯಶೋದಮ್ಮ. ಪಿಯುಸಿ ಓದಿದವಳು. ದಿನಾ ಬೆಳಗ್ಗೆ ಎಂಟೂವರೆಗೆ ಡಬ್ಬಿಯೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಟ್ಟೆಯ ಮೇಲಿಟ್ಟು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದಳು. ನಾನು ನಿಂತುಕೊಂಡೇ ನೋಡಿ ಹೇಳಿದರೆ ಬೈಯುತ್ತಿದ್ದಳು.

"ಬಗ್ಗಿ ನೋಡ್ಲಾ. ಮೇಲಿಂದ ನೋಡಿದ್ರೆ ನೀರು ಜಾಸ್ತಿ ಕಾಣ್ತದೆ."

"ಒಂದು ಗೆರೆ ತಾನೆ ಅಕ್ಕ."

"ಆ ಒಂದು ಗೆರೆ ಮಳೆ ನೀನ್ ಉಯ್ದಿದ್ದಾ?"

ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಲೂ ಬಿಡುತ್ತಿರಲಿಲ್ಲ. ನುಗ್ಗೆ ಗಿಡ ಒಂದು ತಾನಾಗಿ ಹುಟ್ಟಿ ಎದೆಮಟ್ಟಕ್ಕೆ ಬಂದಿತ್ತು, ಅದನ್ನು ಕೀಳಿಸಿದಳು. ಅಮ್ಮ ಒಂದು ವಾರ ನುಗ್ಗೆಕಾಯಿಗೆ ಅತ್ತಳು. ಡಬ್ಬಿಯ ತಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇರಬಾರದು, ಇದೊಂದೇ ಅಕ್ಕನ ಮಡಿ.

ಅವಳಿಗೆ ರಾಬರ್ಟ್‌ಸನ್‌ಪೇಟೆಗೆ ಮದುವೆಯಾಯಿತು. ಹೋಗುವಾಗ ನನ್ನನ್ನು ಕಟ್ಟೆಯ ಹತ್ತಿರ ಕರೆದು ಅಳತೆಯ ಗಾಜನ್ನು ಕೈಗೆ ಕೊಟ್ಟಳು. ಆಫೀಸಿನಲ್ಲಿ ಹೆಸರು ಅವಳದೇ ಇತ್ತು. ಏಳನೇ ಕ್ಲಾಸಿನವನ ಹೆಸರನ್ನು ಅವರು ಬರೆದುಕೊಳ್ಳಲಿಲ್ಲ. ಹಾಗಾಗಿ ನಾನು ದಿನಾ ನೀರನ್ನೂ ಕಡ್ಡಿಗಳನ್ನೂ ನೋಡಿ ಅವಳಿಗೆ ಫೋನಿನಲ್ಲಿ ಹೇಳುವುದು, ಅವಳು ಆಫೀಸಿಗೆ ಹೇಳುವುದು. "ನೀನ್ ಏಳ್ದಂಗೆ ನಾನ್ ಏಳ್ತೀನಿ ಕಣ್ಲಾ. ಬ್ಯಾರೆ ಏನೂ ಕೇಳಕಿಲ್ಲ," ಅಂದಳು.

ಬೇರೆ ಏನೂ ಕೇಳಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು.

ಕೆಲವು ವರ್ಷ ನೆಟ್ಟಗೆ ಮಾಡಿದೆ. ಆಮೇಲೆ ಸೀಮೆ ಹಸು ಕಟ್ಟಿದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಗೋಡೆಯಿಂದ ಅಂಗಳದ ಕಾಲುಭಾಗದವರೆಗೆ ತಗಡು ಹಾಕಿಸಿದೆ. ಹಸುಗಳು ಡಬ್ಬಿಗೆ ಮೈ ತಿಕ್ಕಿ ಅಲ್ಲಾಡಿಸುತ್ತಿದ್ದವು. ಒಂದು ದಿನ ರೇಗಿಹೋಗಿ ಬೋಲ್ಟಿನ ನಟ್ಟು ಬಿಚ್ಚಿ, ಡಬ್ಬಿಯನ್ನು ತಂದು ತಗಡಿನ ಅಂಚಿನ ಕೆಳಗೆ ಕಂಬಕ್ಕೆ ಆನಿಸಿ ಇಟ್ಟೆ. ಅಪ್ಪನ ಕಟ್ಟೆಯ ಮೇಲೆ ಕಲಗಚ್ಚಿನ ಬಾನಿ ಉರುಳಿಸಿಕೊಂಡು ಬಂದು ಕೂರಿಸಿದೆ. ಹಸು ನೀರು ಕುಡಿಯಲು ಅದಕ್ಕಿಂತ ಒಳ್ಳೆಯ ಎತ್ತರ ಇರಲಿಲ್ಲ.

ಮೊದಲ ಮಳೆಯಲ್ಲೇ ಗೊತ್ತಾಯಿತು. ತಗಡಿನ ನೀರು ಅಂಚಿಗೆ ಬಂದು ಡಬ್ಬಿಗೆ ಇಳಿಯುತ್ತಿತ್ತು. ನಾನು ನೋಡಿದೆ. ನೋಡಿ ನನಗೆ ನಾನೇ ಹೇಳಿಕೊಂಡ ಮಾತು ಕೇಳಿ: ತಗಡಿನ ಮೇಲೆ ಬಿದ್ದರೂ ಅದು ಮಳೆ ನೀರೇ ಅಲ್ಲವಾ? ನಾನೇನು ಬಾವಿಯಿಂದ ತಂದು ಹುಯ್ದೆನಾ? ಏಳನೇ ಕ್ಲಾಸಿಗೆ ನಿಂತ ತಲೆ ಇಂಥ ನ್ಯಾಯಗಳನ್ನು ಬಹಳ ಬೇಗ ಹುಡುಕುತ್ತದೆ.

ಅಕ್ಕ ಫೋನಿನಲ್ಲಿ, "ಅಷ್ಟೊಂದಾ? ಪ್ಯಾಟೇಲಿ ನೆಲ ನೆಂದಿಲ್ಲ ಕಣ್ಲಾ," ಅನ್ನುವಳು.

"ಇಲ್ಲಿ ಚೆನ್ನಾಗೇ ಉಯ್ತು ಅಕ್ಕ."

ನಂಬುವಳು. ನಮ್ಮ ಕಡೆಯ ಮಳೆ ಹಾಗೇ ಅಲ್ಲವಾ, ರಸ್ತೆಯ ಆ ಕಡೆ ಈ ಕಡೆ ಬೇರೆ. ನಂಬದೆ ಏನು ಮಾಡುತ್ತಾಳೆ?

ಬಿಳಿ ಪೆಟ್ಟಿಗೆಯ ಕಥೆ ಇನ್ನೂ ಚೆಂದ. ಮುಂಗುಸಿಯ ಕಾಟ ಜಾಸ್ತಿಯಾಗಿ, ಕಾವಿಗೆ ಕೂತ ಕೋಳಿಯನ್ನು ಎಲ್ಲಿಡುವುದು ಅಂತ ಯೋಚಿಸುವಾಗ ಪೆಟ್ಟಿಗೆ ಕಣ್ಣಿಗೆ ಬಿತ್ತು. ಎತ್ತರ ಇದೆ, ಗಾಳಿ ಆಡುತ್ತದೆ, ಬಾಗಿಲಿಗೆ ಚಿಲಕ ಇದೆ. ಸರ್ಕಾರದವರು ಕೋಳಿಗೇ ಮಾಡಿಸಿದ ಹಾಗಿತ್ತು. ಹುಲ್ಲು ಹಾಸಿ ಕೂರಿಸಿದೆ. ಒಂದು ಮರಿ ಮಾಡಿ ಇಳಿದರೆ ಇನ್ನೊಂದು ಕೂರುತ್ತಿತ್ತು. ಚಳಿಯ ಕಡ್ಡಿ ಅವುಗಳ ರೆಕ್ಕೆಯ ಪಕ್ಕದಲ್ಲೇ. ಧನುರ್ಮಾಸದಲ್ಲಿ ಊರೆಲ್ಲ ನಡುಗುವಾಗ ನಮ್ಮ ಅಂಗಳ ಮಾತ್ರ ಆಫೀಸಿನ ಲೆಕ್ಕದಲ್ಲಿ ಬೆಚ್ಚಗಿತ್ತು.

ಅಕ್ಕ ಹಬ್ಬಕ್ಕೆ ಬರುತ್ತಿದ್ದಳಲ್ಲ, ಅವಳಿಗೆ ಕಾಣಲಿಲ್ಲವಾ ಅಂತ ನೀವು ಕೇಳಬಹುದು. ಕೇಳಿ, ಬಿಡಬೇಡಿ. ಅವಳು ಬರುವ ಹಿಂದಿನ ಸಂಜೆ ನಾನು ಬಾನಿಯನ್ನು ಉರುಳಿಸಿ, ಕಟ್ಟೆ ತೊಳೆದು, ಡಬ್ಬಿಯನ್ನು ಅದರ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ತಗಡು ಅಲ್ಲಿಂದ ದೂರವಿತ್ತು, ಅವಳಿಗೆ ಅನುಮಾನ ಬರುತ್ತಿರಲಿಲ್ಲ. ಕೋಳಿಯನ್ನು ಮಂಕರಿ ಮುಚ್ಚಿ ಅಡುಗೆಮನೆಗೆ ಸಾಗಿಸುತ್ತಿದ್ದೆ. ಅವಳು ಹೋದ ಮೇಲೆ ಎಲ್ಲ ಮತ್ತೆ ಮೊದಲಿನ ಹಾಗೆ. ಈಗ ಹೇಳಿ, ತಿಳಿಯದೆ ಮಾಡಿದ ತಪ್ಪಾ ಇದು? ತಿಳಿಯದವನು ಬಾನಿ ಉರುಳಿಸುತ್ತಾನಾ?

ಒಂದು ದಿನ ಹೇಳದೆ ಕೇಳದೆ ಜೀಪು ಬಂತು. ಆಫೀಸಿಗೆ ಹೊಸದಾಗಿ ಬಂದಿದ್ದ ಸಾಹೇಬರು ಇಳಿದು ನೇರ ಅಂಗಳಕ್ಕೆ ಬಂದರು. ಸುತ್ತಲಿನ ಯಾವ ಊರಿಗೂ ಹೊಂದದ ಲೆಕ್ಕ ನಮ್ಮೂರಿಂದ ಹೋಗುತ್ತಿತ್ತಂತೆ. ಡಬ್ಬಿಯ ಮೇಲಿನ ತಗಡನ್ನು ನೋಡಿದರು. ಪೆಟ್ಟಿಗೆಯ ಬಾಗಿಲು ತೆಗೆದರು. ಕೋಳಿ ಅವರ ಮುಖಕ್ಕೇ ಹಾರಿತು. ನನಗೆ ಆ ಹೊತ್ತಿನಲ್ಲೂ ನಗು ಬಂದಿತ್ತು ಅನ್ನುವುದನ್ನು ಬಚ್ಚಿಡುವುದಿಲ್ಲ. ಆದರೆ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದ ಪ್ರಶ್ನೆಗೆ ನಗು ಸತ್ತಿತು.

"ಯಾವಾಗಿಂದ ಇದೆ ಈ ಡಬ್ಬಿ ಇಲ್ಲಿ, ತಗಡಿನ ಕೆಳಗೆ?"

ಕೊಟ್ಟಿಗೆ ಕೆಡವಿಸುತ್ತಾರೆ ಅಂತ ಹೆದರಿದೆ. ಸರ್ಕಾರದ ಡಬ್ಬಿ ಕಿತ್ತದ್ದಕ್ಕೆ ಸ್ಟೇಷನ್ನಿಗೆ ಕರೆದೊಯ್ಯುತ್ತಾರೆ ಅಂತಲೂ. ಕೈ ಕಟ್ಟಿಕೊಂಡು ಹೇಳಿದೆ:

"ಮೊದ್ಲಿಂದ್ಲೂ ಇಲ್ಲೇ ಐತೆ ಸಾರ್."

ಅದೊಂದೇ ಮಾತು. ನಮ್ಮಪ್ಪನ ಕಾಲದಿಂದ ಅಕ್ಕನ ಮದುವೆಯವರೆಗೆ ಆ ಅಂಗಳಕ್ಕೆ ಬಿದ್ದ ಪ್ರತಿ ಹನಿಯನ್ನೂ ಆ ಮಾತು ಸುಳ್ಳು ಮಾಡಿತು. ಸಾಹೇಬರು ಅಕ್ಕನಿಗೆ ನನ್ನೆದುರೇ ಫೋನು ಹಚ್ಚಿದರು. "ಯಶೋದಮ್ಮ ಅವರಾ? ಇಷ್ಟು ವರ್ಷ ತಗಡಿನ ನೀರು ಅಳೆದು ಕಳಿಸಿದೀರಲ್ರೀ, ನಾಚಿಕೆ ಆಗಲ್ವಾ?" ಅಂದರು. ಆ ಕಡೆಯಿಂದ ಅವಳು ಏನೋ ಹೇಳಿದಳು. "ನಿಮ್ಮ ತಮ್ಮನೇ ಹೇಳ್ತಾ ಇದಾನಲ್ಲಮ್ಮ, ಮೊದಲಿಂದ ಇಲ್ಲೇ ಇದೆ ಅಂತ," ಅಂದರು. ಫೋನು ನನ್ನ ಕಿವಿಗೆ ಬಂದಿದ್ದರೆ ಏನು ಹೇಳುತ್ತಿದ್ದೆನೋ. ಬರಲಿಲ್ಲ. ಡಬ್ಬಿ, ಪೆಟ್ಟಿಗೆ, ಗಾಜು, ಎಲ್ಲ ಜೀಪು ಹತ್ತಿದವು.

ಸಂಜೆಯ ಬಸ್ಸಿಗೆ ಅಕ್ಕ ಬಂದಳು. ಬೈಯಲಿಲ್ಲ. ಕಟ್ಟೆಯ ಮೇಲಿನ ಬಾನಿ ನೋಡಿದಳು, ತಗಡು ನೋಡಿದಳು, ನನ್ನನ್ನು ನೋಡಿದಳು. "ಆಫೀಸಿಗೆ ಓಗಿ ನಿಜ ಏಳು. ನಿನ್ ವರ್ಷ ಯಾವ್ದು, ನಂದು ಅಪ್ಪಂದು ಯಾವ್ದು ಅಂತ ಏಳು. ನಾನ್ ಏಳಿದ್ರೆ ನಗ್ತಾರೆ," ಅಂದಳು.

"ನಾಳೆ ಓಯ್ತೀನಿ ಅಕ್ಕ," ಅಂದೆ.

ಹಾಲು ಹಾಕುವ ಹೊತ್ತು, ಹಸು ಈಯುವ ಹೊತ್ತು, ಹುಲ್ಲಿನ ಗಾಡಿ ಬರುವ ಹೊತ್ತು. ನಾಳೆಗಳಿಗೆ ನಮ್ಮ ಮನೆಯಲ್ಲಿ ಬರ ಇರಲಿಲ್ಲ. ಅವಳು ಕೆಲವು ಸಲ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಹಬ್ಬಕ್ಕೆ ಬಂದರೂ ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದಳು, ಅಂಗಳ ತುಳಿಯುತ್ತಿರಲಿಲ್ಲ. ನಾನು ಮಾಡಿದ್ದೇನು ಗೊತ್ತಾ? ಅಪ್ಪನ ಕಟ್ಟೆ ಕಣ್ಣಿಗೆ ಬೀಳಬಾರದು ಅಂತ ಅದರ ಮೇಲೆ ಇಟ್ಟಿಗೆ ಇಟ್ಟು, ಸಿಮೆಂಟು ಬಳಿದು, ಹಸುಗಳಿಗೆ ಮೇವು ಹಾಕುವ ಗೋದಲಿ ಕಟ್ಟಿಸಿದೆ.

ಹೀಗೇ ಹೋಗಿಬಿಡುತ್ತಿತ್ತು. ಈ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಬ್ಬಳು ಹುಡುಗಿ ಬಂದಳು. ಪಾಲಾರಿನ ಉದ್ದಗಲದ ಮಳೆ ಮತ್ತು ಬಿಸಿಲಿನ ನಕ್ಷೆ ಮಾಡುವ ಕೆಲಸ ಅವಳದು. ಊರೂರು ಸುತ್ತಿ ಹಳೆಯ ಡಬ್ಬಿಗಳು ಎಲ್ಲೆಲ್ಲಿದ್ದವು ಅಂತ ವಿಚಾರಿಸುತ್ತಿದ್ದಳು. ಬಂಗಾರಪೇಟೆ ಸ್ಟೇಷನ್ನಿನಿಂದ ಆಟೋದಲ್ಲಿ ಬಂದು, ನಮ್ಮ ಜಗುಲಿಯ ಮೇಲೆ ದೊಡ್ಡ ಹಾಳೆ ಬಿಚ್ಚಿದಳು. ಮಳೆ ಹೆಚ್ಚಿರುವ ಕಡೆ ನೀಲಿ, ಕಡಿಮೆ ಇರುವ ಕಡೆ ಹಳದಿ. ಇನ್ನೊಂದು ಹಾಳೆಯಲ್ಲಿ ಬಿಸಿಲಿಗೆ ಕೆಂಪು. ನಂದಿಯಿಂದ ಹಿಡಿದು ಆಚೆ ಸಮುದ್ರದವರೆಗೆ ನದಿ ಒಂದು ಎಳೆಯಂತೆ ಇಳಿದಿತ್ತು. ಊರಿದ್ದ ಕಡೆಯೆಲ್ಲ ಕಪ್ಪು ಚುಕ್ಕೆ.

"ನಮ್ಮೂರ್ ಎಲ್ಲವ್ವ?"

ಅವಳು ಬೆರಳಿಟ್ಟಳು. ಚುಕ್ಕೆ ಇರಲಿಲ್ಲ. ತಿಳಿ ಹಸಿರು ಬಣ್ಣ ಮಾತ್ರ ಇತ್ತು.

"ಈ ಊರಿನ ಲೆಕ್ಕ ನಂಬೋ ಹಾಗಿಲ್ಲ ಅಂತ ಪೂರ್ತಿ ಬಿಟ್ಟಿದಾರೆ ಅಣ್ಣ. ಸುತ್ತಮುತ್ತಲ ಊರಿನ ಲೆಕ್ಕ ಸೇರಿಸಿ ನಡುವೆ ಬಣ್ಣ ತುಂಬಿರೋದು."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಬೇತಮಂಗಲದ ಮಳೆಯನ್ನೂ ಬಂಗಾರಪೇಟೆಯ ಮಳೆಯನ್ನೂ ಕಲಸಿ ತಂದು ನಮ್ಮೂರಿನ ಮೇಲೆ ಬಳಿದಿದ್ದಾರೆ! ರಸ್ತೆಯ ಆ ಕಡೆಗೂ ಈ ಕಡೆಗೂ ಒಂದೇ ಮಳೆ ಬಾರದ ಸೀಮೆಯಲ್ಲಿ! ನಮಗೇನು ನಮ್ಮದೇ ಮಳೆ ಇರಲಿಲ್ಲವಾ? ನಮ್ಮ ಕೆರೆ ಕೋಡಿ ಹೋದ ವರ್ಷ ಇರಲಿಲ್ಲವಾ? ಅಪ್ಪ ಗೋಣಿ ಹೊದ್ದು ಮಳೆಯಲ್ಲೇ ನಿಂತು ಡಬ್ಬಿ ತುಂಬಿ ಚೆಲ್ಲುತ್ತದೇನೋ ಅಂತ ಕಾದಿದ್ದು ಸುಳ್ಳಾ? ಎದ್ದು ನಿಂತು ಕೂಗಾಡಿದೆ. ಎಸಿ ರೂಮಿನಲ್ಲಿ ಕೂತು ಬಣ್ಣ ಬಳಿಯುವವರಿಗೆ ನಮ್ಮ ಆಕಾಶದ ಮೇಲೇನು ಹಕ್ಕು ಅಂದೆ. ಯಾರನ್ನು ಕೇಳಿ ಅಳಿಸಿದಿರಿ ಅಂದೆ.

ಹುಡುಗಿ ಪಾಪ, ಹೆದರಲಿಲ್ಲ. ನನ್ನ ಕೂಗು ಮುಗಿಯುವವರೆಗೆ ಕಾದು, ಫೋನಿನಲ್ಲಿ ಒಂದು ಗೆರೆ ತೋರಿಸಿದಳು. ನಮ್ಮೂರಿನ ವರ್ಷ ವರ್ಷದ ಮಳೆ. ಬಹಳ ದೂರದವರೆಗೆ ಏರಿ ಇಳಿದು ನೆರೆಯ ಊರುಗಳ ಜೊತೆಗೇ ನಡೆದು ಬಂದಿದ್ದ ಗೆರೆ, ಒಂದು ಕಡೆ ಚಂಗನೆ ಮೇಲಕ್ಕೆ ನೆಗೆದಿತ್ತು. "ಇಲ್ಲಿ ಏನೋ ಆಗಿದೆ. ಡಬ್ಬಿ ಜಾಗ ಬದಲಾಗಿದ್ರೆ, ಅದರ ಹಿಂದಿನ ವರ್ಷಗಳನ್ನ ನಾನು ಉಳಿಸ್ಕೋಬಹುದು. ಆದ್ರೆ ಮೊದಲಿಂದ ಅಲ್ಲೇ ಇತ್ತು ಅಂತ ಮನೆಯವರೇ ಹೇಳಿದಾರೆ ಅಂತ ಆಫೀಸಲ್ಲಿ ಅಂದ್ರು. ಅದನ್ನ ಹೇಳಿದ್ದು ಯಾರು ಅಣ್ಣ?"

ಕೂಗಲು ಬಾಯಿ ತೆರೆದಿದ್ದೆ. ಇಷ್ಟು ಹೊತ್ತು ಕೂಗಿದ ಪ್ರತಿ ಮಾತೂ ತಿರುಗಿ ಬಂದು ನನ್ನ ಮುಖಕ್ಕೇ ಬಡಿಯಿತು. ಅಳಿಸಿದ್ದು ಎಸಿ ರೂಮಿನವರಲ್ಲ.

"ನಾನೇ ಕಣವ್ವ. ಸುಳ್ ಏಳ್ದೆ."

ಹೇಳಿದ ಮೇಲೆ ಕೂರಲಾಗಲಿಲ್ಲ. ಮೂಲೆಯಲ್ಲಿದ್ದ ಹಾರೆ ತಂದು ಗೋದಲಿ ಒಡೆಯಲು ನಿಂತೆ. ಹಸುಗಳು ಬೆದರಿ ಹಗ್ಗ ಜಗ್ಗಿದವು, ಹೆಂಡತಿ ಹೊರಗೆ ಓಡಿಬಂದು ತಲೆಯ ಮೇಲೆ ಕೈ ಹೊತ್ತಳು. "ಅಕ್ಕನಿಗೆ ಫೋನ್ ಮಾಡು, ಬರೋಕೇಳು," ಅಂತ ಅವಳ ಮೇಲೂ ಕೂಗಿದೆ. ಸಿಮೆಂಟು ಒಂದೊಂದೇ ಹೆಂಟೆಯಾಗಿ ಬಿತ್ತು. ಕೊನೆಗೆ ಕೆಳಗೆ ಅಪ್ಪನ ಕಟ್ಟೆ ಕಂಡಿತು. ನಾಲ್ಕು ಮೂಲೆಯ ಬೋಲ್ಟುಗಳು ತುಕ್ಕು ಹಿಡಿದು ಅಲ್ಲೇ ಇದ್ದವು. ಹುಡುಗಿ ಟೇಪು ಹಿಡಿದು ತಗಡಿಗೂ ಕಟ್ಟೆಗೂ ಎಷ್ಟು ದೂರ ಅಂತ ಅಳೆದಳು, ಫೋಟೋ ತೆಗೆದಳು.

ಅಷ್ಟರಲ್ಲಿ ಅಕ್ಕ ಆಟೋ ಇಳಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅಂಗಳದಿಂದ ಬಂದಳು. ಒಡೆದ ಗೋದಲಿಯ ಮುಂದೆ ನಿಂತಳು. ಬಗ್ಗಿ ಒಂದು ಬೋಲ್ಟನ್ನು ಬೆರಳಿಂದ ಮುಟ್ಟಿದಳು.

ನನಗೆ ಅಳು ಬಂತು. ಹಾರೆ ಕೆಳಗಿಟ್ಟು, "ತಪ್ಪಾಯ್ತು ಅಕ್ಕ," ಅಂದೆ. ಅವಳು ತಲೆ ಸವರುತ್ತಾಳೆ ಅಂತ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಹಾಗೆ ಅಂದುಕೊಂಡೇ ಅತ್ತಿದ್ದು.

"ಅಳೋದಾದ್ರೆ ಆಚೆಗ್ ಓಗಿ ಅಳು," ಅಂದಳು ಅಕ್ಕ. "ಅತ್ತು ಅಗುರಾಗ್ತೀಯ ನೀನು. ಆ ಮಗಾ ಇದ್ನ ಕೇಳ್ಕೊಂಡು ಬೆಂಗ್ಳೂರಿಂದ ಬರ್ಬೇಕಾಯ್ತು. ನಾನು ಪ್ಯಾಟೇಲಿ ಇದ್ದೆ ಕಣ್ಲಾ, ಪ್ಯಾಟೇಲಿ! ಒಂದ್ ಬಸ್ ಹತ್ತಿ ಬಂದು ನನ್ನ ಆಫೀಸಿಗ್ ಕರ್ಕಂಡ್ ಓಗಿದ್ರೆ ಸಾಕಿತ್ತು. ಮಳೆ ಬಂದಾಗೆಲ್ಲಾ ಎದ್ದು ಕೂತ್ಕಂತಿದ್ದೆ ನಾನು. ಅಪ್ಪ ಅಳ್ದಿದ್ದೂ ಸುಳ್ಳಾ, ನಾ ಅಳ್ದಿದ್ದೂ ಸುಳ್ಳಾ ಅಂತ. ನಂಗೇ ಅನುಮಾನ ಬರೋಂಗೆ ಮಾಡ್ದಲ್ಲೋ."

ಆಮೇಲೆ ಹುಡುಗಿಯ ಕಡೆ ತಿರುಗಿ, ದನಿ ಬದಲಿಸಿ, "ಬಿಸ್ಲಲ್ಲಿ ನಿಂತಿದೀಯಲ್ಲವ್ವ, ಮಜ್ಜಿಗೆ ಕುಡೀತೀಯಾ?" ಅಂದಳು.

ಹೊಸ ನಕ್ಷೆ ಬಂದಿದೆ. ಹುಡುಗಿ ಫೋನಿಗೇ ಕಳಿಸಿದಳು. ನಮ್ಮೂರಿಗೆ ಚುಕ್ಕೆ ಬಿದ್ದಿದೆ. ಹಸಿರಲ್ಲ, ಹಳದಿಗೆ ತಿರುಗಿದ ಒಂದು ಬಣ್ಣ. ನೆರೆಯ ಊರುಗಳಿಗಿಂತ ನಮಗೆ ಕಡಿಮೆಯೇ ಬರುತ್ತಿತ್ತು ಅಂತ ಅದರ ಅರ್ಥ. ಅಪ್ಪನ ವರ್ಷಗಳು, ಅಕ್ಕನ ವರ್ಷಗಳು, ನಾನು ಹಸು ಕಟ್ಟುವ ಮುಂಚಿನ ನನ್ನ ಕೆಲವು ವರ್ಷಗಳು ಅದರಲ್ಲಿವೆ. ತಗಡಿನ ವರ್ಷಗಳನ್ನು ಮಾತ್ರ ಎಸೆದಿದ್ದಾರೆ. ಆ ವರ್ಷಗಳಲ್ಲಿ ನಮ್ಮೂರಲ್ಲಿ ನಿಜಕ್ಕೂ ಎಷ್ಟು ಮಳೆ ಬಂತು ಅಂತ ಇನ್ನು ಯಾರಿಗೂ ತಿಳಿಯುವುದಿಲ್ಲ. ಬಿದ್ದು, ಹರಿದು, ಮರಳಿಗೆ ಇಂಗಿ ಹೋಯಿತು. ಅದನ್ನು ನೆನೆದರೆ ಈಗಲೂ ಏನನ್ನಾದರೂ ಒದೆಯಬೇಕು ಅನಿಸುತ್ತದೆ.

ಅಪ್ಪನ ಕಟ್ಟೆಯ ಮೇಲೆ ಹೊಸ ಡಬ್ಬಿ ಕೂತಿದೆ. ಹುಡುಗಿಯೇ ಅಳತೆಯ ಗಾಜಿನ ಸಮೇತ ತಂದು ಬಿಗಿಸಿದಳು. ನೋಡುವವರು ಯಾರು ಅಂತ ಕೇಳಿದಾಗ ಅಕ್ಕ ನನ್ನ ಕಡೆ ಗದ್ದ ತೋರಿಸಿ, "ಅವ್ನೇ ನೋಡ್ಲಿ. ನಂಗ್ ಏಳ್ಲಿ. ನಾನ್ ನಿಂಗ್ ಏಳ್ತೀನಿ," ಅಂದಳು. ಹಸುಗಳನ್ನೂ ತಗಡನ್ನೂ ಹಿತ್ತಲಿಗೆ ಸಾಗಿಸಿದ್ದೇನೆ. ಕೋಳಿಗೆ ಬೇರೆ ಗೂಡು ಮಾಡಿಸಿದ್ದೇನೆ, ಅದು ಅಲ್ಲಿ ಕೂರದೆ ನನ್ನ ಮೇಲೆ ಸಿಟ್ಟು ಮಾಡಿಕೊಂಡು ತಿರುಗುತ್ತಿದೆ.

ಬಕೆಟ್ಟು ಒದ್ದು ಬಂದೆ ಅಂದೆನಲ್ಲ, ಆಮೇಲೆ ನಿದ್ದೆ ಬರಲಿಲ್ಲ. ಎಂಟೂವರೆಗೆ ಅಂಗಳಕ್ಕೆ ಹೋದೆ. ತಗಡಿನ ಮೇಲಿನ ಸದ್ದು ಕೇಳಿದ್ದರೆ ಕೆರೆಯೇ ತುಂಬಿತು ಅನ್ನಬೇಕು, ಅಷ್ಟು ಆರ್ಭಟ. ಡಬ್ಬಿಯಲ್ಲಿದ್ದದ್ದು ಸ್ವಲ್ಪವೇ. ಗಾಜಿಗೆ ಸುರಿದೆ, ಕಟ್ಟೆಯ ಮೇಲಿಟ್ಟೆ, ನೋಡಿದೆ, ಅಕ್ಕನಿಗೆ ಫೋನು ಮಾಡಿ ಹೇಳಿದೆ.

ಆ ಕಡೆಯಿಂದ ರಾಬರ್ಟ್‌ಸನ್‌ಪೇಟೆಯ ಬಸ್ಸಿನ ಹಾರ್ನು ಕೇಳಿತು.

"ಬಗ್ಗಿ ನೋಡಿದ್ಯಾ?"

ಹೂಂ ಅನ್ನಲು ನಾಲಿಗೆ ಎದ್ದಿತ್ತು. ನಿಂತುಕೊಂಡೇ ನೋಡಿದ್ದೆ.

"ಇಲ್ಲ ಅಕ್ಕ. ತಡಿ."

ಫೋನನ್ನು ಕಿವಿಗೆ ಒತ್ತಿಕೊಂಡೇ ಒದ್ದೆ ನೆಲಕ್ಕೆ ಮಂಡಿಯೂರಿದೆ. ಕಣ್ಣನ್ನು ನೀರಿನ ಮಟ್ಟಕ್ಕೆ ತಂದೆ. ಒಂದು ಗೆರೆ ಕಡಿಮೆ ಇತ್ತು. ಅದನ್ನೇ ಹೇಳಿದೆ.

"ಸರಿ," ಅಂದಳು ಅಕ್ಕ, ಫೋನು ಇಟ್ಟಳು.